ನೀಲಗಿರಿಗೆ ಹೋದರೆ ಹುಲ್ಲು ನೋಡಿ

(ಮೈಸೂರಿನಲ್ಲಿ ಚಾರಣದ ಗೆಳೆಯರ ಬಳಗವೊಂದರ ಮುಂದೆ ಆಡಿದ ಮಾತಿನ ಬರಹ ರೂಪ)

‘ನೀಲಗಿರಿ’ ಅಂದ ಕೂಡಲೇ ನಿಮಗೆ ಮೊದಲು ನೆನಪಾಗೋದು ಏನು? ಮುಂದಿನ ಸಾಲಿನಿಂದ ಒಬ್ಬರು ‘ಮರ’ ಅಂದರು. ಹಿಂದಿನಿಂದ ಯಾರೋ ‘ಎಣ್ಣೆ’ ಅಂದರು. ಇಬ್ಬರದೂ ಸರಿಯೇ. ನಮ್ಮ ಕಡೆ ನೀಲಗಿರಿ ಅಂದರೆ ತೋಪುಗಳಲ್ಲಿ ಸಾಲಾಗಿ ನಿಂತ, ತೊಗಟೆ ಸುಲಿದ ಆ ಉದ್ದನೆಯ ಮರ. ನೆಗಡಿ ಬಂದಾಗ ಬಿಸಿನೀರಿಗೆ ಎರಡು ಹನಿ ಬಿಟ್ಟು ಆವಿ ತೆಗೆದುಕೊಳ್ಳುವ ಎಣ್ಣೆ. ಬೆಟ್ಟ ಮೂರನೆಯದಾಗಿ ನೆನಪಿಗೆ ಬರುತ್ತದೆ.

ಆದರೆ ಆ ಮರ ನೀಲಗಿರಿಯದ್ದಲ್ಲ. ಅದು ಆಸ್ಟ್ರೇಲಿಯಾದ್ದು. 1840ರ ದಶಕದಲ್ಲಿ ಇಂಗ್ಲಿಷರು ಅದನ್ನು ಆ ಬೆಟ್ಟದ ಮೇಲೆ ತಂದು ನೆಟ್ಟರು. ಕನ್ನಡದಲ್ಲಿ ಬೆಟ್ಟದ ಹೆಸರೇ ಮರಕ್ಕೆ ಕೂತುಬಿಟ್ಟಿತು. ಹೊರಗಿನಿಂದ ಬಂದ ಒಕ್ಕಲಿಗೆ ಮನೆಯ ಯಜಮಾನರ ಹೆಸರನ್ನೇ ಇಟ್ಟ ಹಾಗೆ. ಹಾಗಾದರೆ ಆ ಮನೆಯ ನಿಜವಾದ ಯಜಮಾನರು ಯಾರು? ಮರ ಬರುವ ಮೊದಲು ಅಲ್ಲಿ ಏನಿತ್ತು? ಇದ್ದದ್ದು ಹುಲ್ಲು. ಇವತ್ತಿನ ನನ್ನ ಮಾತೆಲ್ಲ ಆ ಹುಲ್ಲಿನ ಸುತ್ತಲೇ ಇರುತ್ತದೆ.

ಮೊದಲು ಜಾಗದ ಆಕಾರ ತಿಳಿಯೋಣ. ನಿಮ್ಮಲ್ಲಿ ಬಹಳ ಜನ ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿ ಹತ್ತಿದ್ದೀರಿ. 36 ತಿರುವುಗಳು. ಗಾಡಿ ಒಂದನೇ ಗೇರಿನಲ್ಲಿ ಮುಲುಗುತ್ತದೆ, ಕಿವಿ ಕಟ್ಟುತ್ತದೆ. ಬೆಟ್ಟ ಹತ್ತಿದ ಮೇಲೆ ಆಚೆ ಇಳಿಯಬೇಕು, ಅಲ್ವಾ? ಚಾಮುಂಡಿ ಬೆಟ್ಟ ಹತ್ತಿದರೆ ಹಾಗೇ ತಾನೇ. ಇಲ್ಲಿ ಇಳಿಯೋದಿಲ್ಲ. ತಲೈಕುಂದದ ಹತ್ತಿರ ಘಾಟಿ ಮುಗಿಯುತ್ತಿದ್ದಂತೆ ಮುಂದೆ ಮತ್ತೊಂದು ನಾಡೇ ತೆರೆದುಕೊಳ್ಳುತ್ತದೆ. ಉರುಳು ಉರುಳಾದ ಗುಡ್ಡಗಳು, ನಡುವೆ ಅಗಲವಾದ ತಗ್ಗುಗಳು, ನಿಧಾನವಾಗಿ ಹರಿಯುವ ಹಳ್ಳಗಳು. ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರು ಎತ್ತರದಲ್ಲಿ ಇದ್ದೀರಿ ಅನ್ನೋದು ಮರೆತೇ ಹೋಗುತ್ತದೆ. ಇದಕ್ಕೇ ಪ್ರಸ್ಥಭೂಮಿ ಅನ್ನೋದು. ಬೆಟ್ಟದ ತಲೆಯ ಮೇಲಿನ ಬಯಲು.

ಈ ಬಯಲಿಗೆ ನಾಲ್ಕೂ ಕಡೆ ಕಡಿದಾದ ಅಂಚು. ಉತ್ತರಕ್ಕೆ, ಅಂದರೆ ನಮ್ಮ ಕಡೆಗೆ, ಮೋಯಾರ್ ಕಣಿವೆ. ದಕ್ಷಿಣಕ್ಕೆ ಭವಾನಿ ಕಣಿವೆ. ಇವೆರಡೂ ಭೂಮಿಯೊಳಗಿನ ಬಹಳ ಹಳೆಯ ಬಿರುಕಿನ ಸಾಲುಗಳನ್ನು ಹಿಡಿದು ಹೋಗುತ್ತವೆ. ಅವುಗಳ ನಡುವೆ ಎದ್ದು ನಿಂತ ತುಂಡೇ ನೀಲಗಿರಿ. ಪಶ್ಚಿಮಕ್ಕೆ ಕುಂದಾ ಸಾಲು, ಅದರ ಆಚೆ ಕೇರಳ ನೇರವಾಗಿ ಕೆಳಗೆ ಬೀಳುತ್ತದೆ. ಊಟಿಯ ಪಕ್ಕದಲ್ಲೇ ಅತಿ ಎತ್ತರದ ದೊಡ್ಡಬೆಟ್ಟ, 2,637 ಮೀಟರು. ಆ ಹೆಸರಿಗೆ ನಿಮಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಅದರ ಬಗ್ಗೆ ಆಮೇಲೆ ಬರುತ್ತೇನೆ.

ಕಲ್ಲಿನ ವಿಷಯ ಬಂದಿದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಈ ಬೆಟ್ಟದ ಬಂಡೆಯ ಹೆಸರು ಚಾರ್ನೋಕೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಕಪ್ಪು, ಬೂದಿ, ಸ್ವಲ್ಪ ನೀಲಿ ಛಾಯೆ. ಈ ಹೆಸರು ಬಂದದ್ದು ಕಲ್ಕತ್ತಾದ ಒಂದು ಗೋರಿಯಿಂದ! ಜಾಬ್ ಚಾರ್ನಾಕ್ ಅನ್ನೋ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಸಮಾಧಿಗೆ ಮದರಾಸಿನ ಹತ್ತಿರದ ಪಲ್ಲಾವರದ ಕಲ್ಲು ಹಾಕಿದ್ದರು. ಇನ್ನೂರು ವರ್ಷದ ಮೇಲೆ ಹಾಲೆಂಡ್ ಅನ್ನೋ ಭೂವಿಜ್ಞಾನಿ ಆ ಜಾತಿಯ ಕಲ್ಲಿಗೆ ಆ ಸಮಾಧಿಯವನ ಹೆಸರನ್ನೇ ಇಟ್ಟರು. ಊಟಿಯ ರಸ್ತೆ ಬದಿಯಲ್ಲಿ ಗುಡ್ಡ ಕಡಿದ ಜಾಗದಲ್ಲಿ ನಿಲ್ಲಿಸಿ ನೋಡಿ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಮಣ್ಣು, ಅದರೊಳಗೆ ಇನ್ನೂ ಕರಗದ ಈ ಬಂಡೆಯ ಉಂಡೆಗಳು. ಆ ಮೇಲಿನ ಕಪ್ಪು ಮಣ್ಣನ್ನು ನೆನಪಿಟ್ಟುಕೊಳ್ಳಿ.

ಈಗ ಹವೆ. ಒಂದು ಕಿಲೋಮೀಟರು ಮೇಲೆ ಹೋದರೆ ಸುಮಾರು ಆರು ಡಿಗ್ರಿ ಸೆಖೆ ಕಡಿಮೆಯಾಗುತ್ತದೆ. ಊಟಿ ಮೈಸೂರಿಗಿಂತ ಸುಮಾರು ಒಂದೂವರೆ ಕಿಲೋಮೀಟರು ಮೇಲಿದೆ. ಏಪ್ರಿಲ್‌ನಲ್ಲಿ ನಾವು ಇಲ್ಲಿ ಫ್ಯಾನಿನ ಕೆಳಗೆ ಬೆವರುವಾಗ ಅಲ್ಲಿ ಯಾಕೆ ಸ್ವೆಟರ್ ಬೇಕು ಅನ್ನೋದಕ್ಕೆ ಇಷ್ಟು ಲೆಕ್ಕ ಸಾಕು.

ಮಳೆಯ ಲೆಕ್ಕ ಮಾತ್ರ ಅಷ್ಟು ಸುಲಭ ಅಲ್ಲ, ಮತ್ತು ನನಗೆ ಅದೇ ಜಾಸ್ತಿ ಇಷ್ಟ. ಈ ಬೆಟ್ಟ ಎರಡು ಮಳೆಗಾಲಗಳ ನಡುವೆ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇರಳದ ಕಡೆಯಿಂದ ಬರುವ ಮೋಡ ಕುಂದಾ ಸಾಲಿಗೆ ಹೊಡೆಯುತ್ತದೆ. ಅಲ್ಲಿ ಸುರಿದು ಸುರಿದು, ಪೂರ್ವಕ್ಕೆ ಬರುವ ಹೊತ್ತಿಗೆ ಹಗುರಾಗಿರುತ್ತದೆ. ಕುಂದಾದಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣದಿರುವಾಗ ಕೋಟಗಿರಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಅಕ್ಟೋಬರ್ ಬಂದರೆ ಆಟ ತಿರುಗುತ್ತದೆ. ಈಗ ಬಂಗಾಳ ಕೊಲ್ಲಿಯ ಕಡೆಯಿಂದ ಹಿಂಗಾರು. ಕೂನೂರು, ಕೋಟಗಿರಿ ನೆನೆಯುತ್ತವೆ, ಕುಂದಾ ಒಣಗುತ್ತದೆ. ಹಾಗಾಗಿ ‘ನೀಲಗಿರಿಯಲ್ಲಿ ಮಳೆಗಾಲ ಯಾವಾಗ?’ ಅಂತ ಕೇಳಿದರೆ ‘ಯಾವ ಮೂಲೆಯಲ್ಲಿ?’ ಅಂತ ತಿರುಗಿ ಕೇಳಬೇಕು.

ಈ ಮಳೆ ಹುಡುಗಾಟದ್ದಲ್ಲ. 2019ರ ಆಗಸ್ಟ್‌ನಲ್ಲಿ ಕುಂದಾ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗಿಂತ ಜಾಸ್ತಿ ಸುರಿಯಿತು. ನಮ್ಮ ಮೈಸೂರಿಗೆ ಇಡೀ ವರ್ಷದಲ್ಲಿ ಬೀಳುವಷ್ಟು ಮಳೆ ಹೆಚ್ಚುಕಡಿಮೆ ಒಂದು ದಿನದಲ್ಲಿ. 2009ರ ನವೆಂಬರ್‌ನಲ್ಲಿ ಇದೇ ಕಥೆ ಪೂರ್ವದ ಕಡೆ ಆಯಿತು. ಕೂನೂರು, ಕೇತಿ ಸುತ್ತ ಗುಡ್ಡಗಳು ಕುಸಿದು ಹತ್ತಾರು ಜನ ತೀರಿಕೊಂಡರು.

ಮಳೆ ಮುಗಿದ ಮೇಲೆ ಚಳಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಆಕಾಶ ತಿಳಿಯಾಗುತ್ತದೆ. ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ತಣ್ಣನೆಯ ಗಾಳಿ ಭಾರ, ಅದು ತಗ್ಗಿಗೆ ಇಳಿದು ಕೂರುತ್ತದೆ. ಬೆಳಗಿನ ಆರು ಗಂಟೆಗೆ ತಲೈಕುಂದದ ಬಯಲಿಗೆ ಹೋಗಿ ಬಗ್ಗಿ ನೋಡಿ. ಪ್ರತಿ ಹುಲ್ಲಿನ ಎಸಳಿನ ಅಂಚಿಗೆ ಸಕ್ಕರೆ ಹಚ್ಚಿದ ಹಾಗೆ ಬಿಳಿ ಹರಳು ಕೂತಿರುತ್ತದೆ. ಕಾಲಿಟ್ಟರೆ ಕರಕರ ಅನ್ನುತ್ತದೆ. ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಉಗುರಿನಿಂದ ಹೆಸರು ಬರೆಯಬಹುದು. ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ಎಲ್ಲ ನೀರಾಗಿ ಹೋಗುತ್ತದೆ.

ಈ ಹಿಮ ನೋಡೋಕೆ ಚೆಂದ. ಆದರೆ ಬಯಲಿನಲ್ಲಿ ಆಗ ತಾನೇ ಮೊಳೆತ ಮರದ ಸಸಿಗೆ ಅದು ಸಾವು. ರಾತ್ರಿ ಎಲೆ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಎತ್ತರದ ಜಾಗದ ಚುರುಕು ಬಿಸಿಲು ಅದನ್ನು ಸುಡುತ್ತದೆ. ಹುಲ್ಲಿಗೆ ಅಷ್ಟು ತೊಂದರೆಯಿಲ್ಲ. ಅದರ ಜೀವ ಇರೋದು ಬುಡದಲ್ಲಿ, ನೆಲದ ಮಟ್ಟದಲ್ಲಿ. ಮೇಲಿನದು ಕರಕಲಾದರೂ ಮತ್ತೆ ಚಿಗುರುತ್ತದೆ. ಅದಕ್ಕೇ ತೆರೆದ ಗುಡ್ಡಗಳಲ್ಲೆಲ್ಲ ಹುಲ್ಲು. ಮರಗಳು ಎಲ್ಲಿ? ಗುಡ್ಡಗಳ ಮಡಿಕೆಯಲ್ಲಿ, ನೀರು ಜಿನುಗುವ ಸಂದಿನಲ್ಲಿ, ಗಾಳಿ ತಾಗದ ಕಡೆ. ಒಂದರ ನೆರಳಲ್ಲಿ ಒಂದು, ಒಂದನ್ನೊಂದು ಹೊದ್ದುಕೊಂಡ ಹಾಗೆ. ಈ ಪುಟ್ಟ ಕಾಡೇ ಶೋಲಾ. ಒಳಗೆ ಹಿಮ ಇಳಿಯೋದಿಲ್ಲ, ಸಸಿ ಬದುಕುತ್ತದೆ. ಕಾಡಿನ ಅಂಚು ಎಷ್ಟು ಚೊಕ್ಕ ಅಂದರೆ ಒಂದು ಹೆಜ್ಜೆ ಹುಲ್ಲಿನಲ್ಲಿ, ಮುಂದಿನ ಹೆಜ್ಜೆ ಕತ್ತಲಲ್ಲಿ. ಮರಗಳೆಲ್ಲ ಗಿಡ್ಡ, ತಲೆ ಮಾತ್ರ ಕೊಡೆಯ ಹಾಗೆ ದುಂಡಗೆ. ಕೊಂಬೆಗಳ ತುಂಬ ಹಾವಸೆ, ಅದರಿಂದ ತೊಟಕ್ ತೊಟಕ್ ನೀರು. ಅಲ್ಲಿರುವವರೆಲ್ಲ ನಮ್ಮ ನೇರಳೆ, ಸಂಪಿಗೆ, ದಾಲ್ಚಿನ್ನಿಯ ನೆಂಟರೇ. ಬಯಲಿನ ಹಿಮಕ್ಕೆ ಹೆದರದೆ ಹುಲ್ಲಿನ ನಡುವೆ ನಿಲ್ಲುವ ಮರ ಅಂದರೆ ರೋಡೋಡೆಂಡ್ರನ್. ದಪ್ಪ ತೊಗಟೆ, ಕಡುಗೆಂಪು ಹೂವಿನ ಗೊಂಚಲು. ಇದರ ಒಡಹುಟ್ಟಿದವರು ಹಿಮಾಲಯದಲ್ಲಿದ್ದಾರೆ.

ಹುಲ್ಲು ಮತ್ತು ಶೋಲಾದ ಈ ಜೋಡಿ ನಮಗೆ ಹೊಸದಲ್ಲ. ಕುದುರೆಮುಖದಲ್ಲಿ ಇದೆ, ಬಾಬಾಬುಡನ್‌ಗಿರಿಯಲ್ಲಿ ಇದೆ. ಚಾರಣಕ್ಕೆ ಹೋದವರು ಅದರ ಮೇಲೆಯೇ ನಡೆದು ಬಂದಿದ್ದೀರಿ.

‘ಯಾರೋ ಕಾಡು ಕಡಿದಿದ್ದಕ್ಕೆ ಹುಲ್ಲು ಬಂದಿರಬೇಕು’ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಇದಕ್ಕೆ ಉತ್ತರ ಸಿಕ್ಕಿದ್ದು ಆ ಕಪ್ಪು ಮಣ್ಣಿನಲ್ಲಿ. ತಗ್ಗಿನ ಜೌಗಿನಲ್ಲಿ ಸತ್ತ ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿದೆ. ಕೆಳಗೆ ಹೋದಷ್ಟೂ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು ಆ ಪದರಗಳನ್ನು ಪರೀಕ್ಷೆ ಮಾಡಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲ್ಲಿನಲ್ಲಿರುವ ಇಂಗಾಲಕ್ಕೂ ಮರದಲ್ಲಿರುವ ಇಂಗಾಲಕ್ಕೂ ಸಣ್ಣ ವ್ಯತ್ಯಾಸ ಇರುತ್ತದೆ. ಅದನ್ನು ಅಳೆದರೆ ಯಾವ ಕಾಲದಲ್ಲಿ ಹುಲ್ಲು ಜಾಸ್ತಿ ಇತ್ತು, ಯಾವಾಗ ಕಡಿಮೆಯಾಯಿತು ಅಂತ ಗೊತ್ತಾಗುತ್ತದೆ. ಇಪ್ಪತ್ತು ಸಾವಿರ ವರ್ಷ ಹಿಂದಕ್ಕೆ ಹೋದರೂ ಅಲ್ಲಿ ಹುಲ್ಲಿನ ಗುರುತಿದೆ. ಒಣ ಕಾಲದಲ್ಲಿ ಹುಲ್ಲು ಹರಡಿದೆ, ನೀರಿನ ಕಾಲದಲ್ಲಿ ಹಿಂದೆ ಸರಿದಿದೆ. ಕೊಡಲಿ, ಸೌದೆ, ಹೊಲ ಯಾವುದೂ ಇಲ್ಲದ ಕಾಲದಿಂದ ಆ ಹುಲ್ಲು ಅಲ್ಲಿದೆ.

ಈ ಕಪ್ಪು ಮಣ್ಣು ಸ್ಪಂಜು ಇದ್ದ ಹಾಗೆ. ಮಳೆಗಾಲದಲ್ಲಿ ಕುಡಿಯುತ್ತದೆ, ಬೇಸಿಗೆಯವರೆಗೂ ಬಿಡುತ್ತಾ ಇರುತ್ತದೆ. ಆ ನೀರು ಪೈಕಾರ ಹೊಳೆಯಾಗಿ ಹರಿದು, ಕೆಳಗೆ ಮೋಯಾರ್ ಅನ್ನೋ ಹೆಸರಿನಲ್ಲಿ ನಮ್ಮ ಬಂಡೀಪುರದ ಗಡಿ ಮುಟ್ಟಿ, ಭವಾನಿಸಾಗರದಲ್ಲಿ ಭವಾನಿಯನ್ನು ಸೇರಿ, ಕೊನೆಗೆ ಕಾವೇರಿಗೆ ಹೋಗುತ್ತದೆ. ಪೈಕಾರದಲ್ಲಿ 1932ರಲ್ಲೇ ಕರೆಂಟು ಉತ್ಪಾದನೆ ಶುರುವಾಯಿತು.

ಇನ್ನು ಜನ. ಈ ಹುಲ್ಲನ್ನು ನಂಬಿ ಬದುಕಿದವರು ತೊದವರು. ಇವತ್ತಿಗೂ ಸುಮಾರು ಎರಡು ಸಾವಿರ ಜನ ಅಷ್ಟೇ. ಎಮ್ಮೆಯೇ ಅವರ ಬದುಕು, ಎಮ್ಮೆಯ ಹಾಲುಮನೆಯೇ ಅವರ ಗುಡಿ. ಊರನ್ನು ‘ಮಂದು’ ಅನ್ನುತ್ತಾರೆ. ನಮ್ಮ ‘ಮಂದೆ’ ನೆನಪಾಗುತ್ತದೆ, ಕೊಡವರ ‘ಮಂದ್’ ಕೂಡ. ಊಟಿಯ ಹಳೆಯ ಹೆಸರು ಒತ್ತಕಲ್ ಮಂದು. ಇಂಗ್ಲಿಷರ ಬಾಯಲ್ಲಿ ಅದು ಊಟಕಮಂಡ್ ಆಯಿತು, ಆಮೇಲೆ ಊಟಿ. ತೊದವರ ಹಳೆಯ ಮನೆ ಅರ್ಧ ಪೀಪಾಯಿ ಬೋರಲು ಹಾಕಿದ ಹಾಗೆ. ಬಿದಿರು, ಬೆತ್ತ ಬಗ್ಗಿಸಿ ಅದರ ಮೇಲೆ ಜೌಗಿನ ಹುಲ್ಲು ಹೊದಿಸುತ್ತಾರೆ. ಬಾಗಿಲು ಎಷ್ಟು ಸಣ್ಣದು ಅಂದರೆ ಮಂಡಿಯೂರಿ ತೆವಳಿಯೇ ಒಳಗೆ ಹೋಗಬೇಕು. ಚಳಿಗಾಳಿ ನುಗ್ಗಬಾರದಲ್ಲ! ಈಗ ಅಂಥ ಮನೆ ಕಟ್ಟೋಕೆ ಬೇಕಾದ ಹುಲ್ಲು ಹುಡುಕಿದರೂ ಸಿಗೋದು ಕಷ್ಟ. ಜೌಗೆಲ್ಲ ಹೊಲವಾಯಿತು, ಅಣೆಕಟ್ಟಿನ ನೀರಾಯಿತು. ಅವರ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಲ್ಲಿ ಹಾಕುವ ಕಸೂತಿ ನೀವು ನೋಡಿರಬಹುದು. ಎಳೆ ಎಣಿಸಿ ಎಣಿಸಿ ಹಾಕುತ್ತಾರೆ, ಮೊದಲೇ ಚಿತ್ರ ಬರೆದುಕೊಳ್ಳೋದಿಲ್ಲ. ಕೊಳ್ಳುವುದಾದರೆ ದಯವಿಟ್ಟು ಚೌಕಾಸಿ ಮಾಡಬೇಡಿ.

ತೊದವರ ಹೆಸರು ಬರಹದಲ್ಲಿ ಮೊದಲು ಕಾಣೋದು ಎಲ್ಲಿ ಗೊತ್ತಾ? ಕನ್ನಡದಲ್ಲಿ, ಇಲ್ಲೇ ಚಾಮರಾಜನಗರದಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಶಾಸನ. ಅವನು ತೊದವರನ್ನು ಬೆದರಿಸಿ, ನೀಲಾದ್ರಿಯನ್ನು ಹೊಕ್ಕು ಗೆದ್ದ ಅಂತ ಅದರಲ್ಲಿದೆ. ಗೆದ್ದವರ ಮಾತು ಅದು, ಬೆದರಿದವರ ಮಾತು ಕಲ್ಲಿಗೆ ಹತ್ತಲಿಲ್ಲ. ಆದರೆ ಒಂಬೈನೂರು ವರ್ಷದ ಹಿಂದೆಯೇ ನಮ್ಮವರು ಆ ಬೆಟ್ಟವನ್ನು ನೀಲಿ ಬೆಟ್ಟ ಅಂತಲೇ ಕರೆಯುತ್ತಿದ್ದರು ಅನ್ನೋದು ಅದರಿಂದ ಗೊತ್ತಾಗುತ್ತದೆ. ಗುಡ್ಡದ ತುಂಬ ನೀಲಿಯಾಗಿ ಅರಳುವ ಕುರಿಂಜಿ ಹೂವಿನಿಂದ ಆ ಹೆಸರು ಬಂತು ಅಂತ ಕೆಲವರು ಹೇಳುತ್ತಾರೆ, ದೂರದ ಮಂಜಿನಿಂದ ಅಂತ ಕೆಲವರು. ತಿಳಿಯಾದ ಬೆಳಿಗ್ಗೆ ಗುಂಡ್ಲುಪೇಟೆ ದಾಟಿ ದಕ್ಷಿಣಕ್ಕೆ ನೋಡಿದರೆ ಮಂಜಿನ ಮಾತೇ ನನಗೆ ಜಾಸ್ತಿ ಒಪ್ಪಿಗೆಯಾಗುತ್ತದೆ.

ದೊಡ್ಡಬೆಟ್ಟದ ಹೆಸರಿಗೆ ಬರೋಣ. ಅದು ಬಡಗರ ಮಾತು. ಬಡಗು ಅಂದರೆ ಉತ್ತರ. ಕೆಲವು ನೂರು ವರ್ಷದ ಹಿಂದೆ ಮೈಸೂರು ಸೀಮೆಯಿಂದ ಹತ್ತಿ ಹೋಗಿ ನೆಲೆಸಿದವರು ಅಂತ ಅವರನ್ನು ಹಾಗೆ ಕರೆದರು. ಊರಿಗೆ ‘ಹಟ್ಟಿ’ ಅನ್ನುತ್ತಾರೆ. ಅವರ ದೊಡ್ಡ ಹಬ್ಬ ಹೆತ್ತೆ ಹಬ್ಬ, ಚಳಿಗಾಲದಲ್ಲಿ ಬರುತ್ತದೆ. ಬಿಳಿ ಮುಂಡಾಸು, ಬಿಳಿ ಬಟ್ಟೆಯ ಸಾವಿರಾರು ಜನ ಬೇರಗಣಿಯ ದಾರಿಯಲ್ಲಿ ನಡೆಯುತ್ತಾರೆ. ಅವರ ಮಾತು ಕಿವಿಗೆ ಬಿದ್ದರೆ ಅರ್ಧ ಅರ್ಥವಾಗುತ್ತದೆ, ಅರ್ಧ ಜಾರಿಹೋಗುತ್ತದೆ. ‘ನಿಮ್ಮದು ಕನ್ನಡವೇ ಅಲ್ವಾ’ ಅಂತ ಅವರ ಮುಂದೆ ಹೇಳಬೇಡಿ. ಬಡಗ ತನ್ನದೇ ದಾರಿ ಹಿಡಿದ ಭಾಷೆ, ಅವರಿಗೆ ಅದರ ಹೆಮ್ಮೆ ಇದೆ. ಇವರಲ್ಲದೆ ಕುಲುಮೆ, ಮಡಕೆ, ವಾದ್ಯ ಬಲ್ಲ ಕೋತರು, ಕಾಡಿನ ಜೇನು ಬಲ್ಲ ಕುರುಂಬರು, ಇಳಿಜಾರಿನ ಇರುಳರು. ಬೆಣ್ಣೆ, ಧಾನ್ಯ, ಮಡಕೆ, ಜೇನು ಇವರೊಳಗೇ ಕೈ ಬದಲಾಗುತ್ತಿತ್ತು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಕೋಟಗಿರಿ ಕಡೆಯಿಂದ ಹತ್ತಿ ಬಂದರು. ಚಳಿ, ಮಂಜು, ಹಸಿರು ಗುಡ್ಡ ನೋಡಿ ಅವರಿಗೆ ತಮ್ಮ ದೇಶವೇ ಸಿಕ್ಕಂತಾಯಿತು. ಊಟಿಯಲ್ಲಿ ಕಲ್ಲಿನ ಮನೆ ಕಟ್ಟಿದರು, ಕೆರೆ ಮಾಡಿಸಿದರು, ಆಲೂಗಡ್ಡೆ, ಕೋಸು ಬೆಳೆಸಿದರು. 1848ರಲ್ಲಿ ಸಸ್ಯೋದ್ಯಾನ ಶುರುವಾಯಿತು. ಸಲ್ಲಿವನ್ ತೊದವರ ನೆಲದ ಹಕ್ಕಿನ ಪರ ಸರ್ಕಾರದ ಜೊತೆ ವಾದ ಮಾಡಿದವರು ಕೂಡ. ಅದನ್ನು ಹೇಳದೆ ಇರಬಾರದು.

ಆದರೆ ಅವರ ನಂತರ ಬಂದವರ ಕಣ್ಣಿಗೆ ಹುಲ್ಲು ಪಾಳುಭೂಮಿಯಾಗಿ ಕಂಡಿತು. ಮರ ಇಲ್ಲದ ಜಾಗ ಅಂದರೆ ಖಾಲಿ ಜಾಗ! ಸೌದೆಗೆ ಅಂತ ನೀಲಗಿರಿ ಮರ, ತೊಗಟೆಯಿಂದ ಚರ್ಮ ಹದ ಮಾಡೋಕೆ ಅಂತ ವಾಟಲ್, ಆಮೇಲೆ ಪೈನ್. ಇಳಿಜಾರಿಗೆಲ್ಲ ಟೀ. ಸ್ವಾತಂತ್ರ್ಯದ ನಂತರವೂ ನಾವು ಇದನ್ನೇ ಮುಂದುವರಿಸಿದೆವು, ಕಾರ್ಖಾನೆಗಳಿಗಾಗಿ ಇನ್ನೂ ಜಾಸ್ತಿ ನೆಟ್ಟೆವು. ಇವುಗಳಲ್ಲಿ ವಾಟಲ್ ಸುಮ್ನೆ ಕೂರುವ ಮರವಲ್ಲ. ಹಿಮಕ್ಕೂ ಬಗ್ಗೋದಿಲ್ಲ. ಕಡಿದರೆ ಬುಡದಿಂದ ಹತ್ತು ಚಿಗುರು, ಬೆಂಕಿ ಬಿದ್ದರೆ ಮಣ್ಣಲ್ಲಿ ಮಲಗಿದ ಬೀಜವೆಲ್ಲ ಒಟ್ಟಿಗೆ ಮೊಳಕೆ. ಅದರ ಕೆಳಗೆ ಹುಲ್ಲು ಬಿಸಿಲಿಲ್ಲದೆ ಸಾಯುತ್ತದೆ. ಹುಲ್ಲು ಹೋದ ಕಡೆ ವರಯಾಡು ಹೋಗುತ್ತದೆ. ನೀಲಗಿರಿ ತಾರ್ ಅನ್ನೋ ಆ ಕಾಡು ಮೇಕೆ ಬದುಕೋದೇ ಬಂಡೆಯಂಚಿನ ಹುಲ್ಲಿನಲ್ಲಿ. ತಮಿಳುನಾಡಿನ ರಾಜ್ಯಪ್ರಾಣಿ ಅದು. ನೀಲಗಿರಿಯಲ್ಲಿ ಅದರ ಕೊನೆಯ ದೊಡ್ಡ ಮನೆ ಕುಂದಾ ಸಾಲಿನ ಮುಕುರ್ತಿ ರಾಷ್ಟ್ರೀಯ ಉದ್ಯಾನ, 78 ಚದರ ಕಿಲೋಮೀಟರು. ಈಗ ಅಲ್ಲಲ್ಲಿ ವಾಟಲ್ ಕಿತ್ತು ಅಲ್ಲಿಯದೇ ಹುಲ್ಲನ್ನು ಬುಡ ಸಮೇತ ತಂದು ನೆಡುವ ಕೆಲಸ ನಡೆದಿದೆ. ಮರ ಕಿತ್ತು ಹುಲ್ಲು ನೆಡೋದು ಅಂದರೆ ನಮ್ಮ ಕಿವಿಗೆ ವಿಚಿತ್ರ. ನನಗೆ ಅದು ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ.

ಹಾಗಾದರೆ ಹೋದಾಗ ಏನೇನು ನೋಡೋದು? ಊಟಿ ಕೆರೆ, ಗುಲಾಬಿ ತೋಟ, ಫರ್ನ್‌ಹಿಲ್‌ನಲ್ಲಿರುವ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನ ಇವೆಲ್ಲ ನಿಮಗೆ ಗೊತ್ತೇ ಇದೆ, ಬಿಟ್ಟು ಮುಂದೆ ಹೋಗುತ್ತೇನೆ. ರೈಲು ಮಾತ್ರ ಬಿಡಬೇಡಿ. ಮೆಟ್ಟುಪಾಳಯದಿಂದ ಊಟಿಗೆ 46 ಕಿಲೋಮೀಟರು, 16 ಸುರಂಗ, 1908ರಲ್ಲಿ ಊಟಿ ಮುಟ್ಟಿದ ಹಳಿ. ಕಲ್ಲಾರ್‌ನಿಂದ ಕೂನೂರಿನವರೆಗೆ ಹನ್ನೆರಡು ಅಡಿಗೆ ಒಂದಡಿ ಏರು. ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಮೇಲೆ ಹತ್ತುತ್ತದೆ. ಸುಮಾರು ಐದು ಗಂಟೆಯಲ್ಲಿ ಅಡಿಕೆ ತೋಟದಿಂದ ಚಳಿನಾಡಿಗೆ ಬರುತ್ತೀರಿ. ಹವೆ ಬದಲಾಗೋದನ್ನು ಚರ್ಮದ ಮೇಲೆ ಓದಬೇಕಾದರೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಬಹಳ ಜನ ನೋಡದೆ ಬರುವ ಇನ್ನೊಂದು ಜಾಗ ಊಟಿ ಹತ್ತಿರದ ಮುತ್ತೊರೈ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ರೇಡಿಯೋ ದೂರದರ್ಶಕ 1970ರಿಂದ ಅಲ್ಲಿ ಕೆಲಸ ಮಾಡುತ್ತಿದೆ. 530 ಮೀಟರು ಉದ್ದ, 30 ಮೀಟರು ಅಗಲ. ಅದನ್ನು ಅಲ್ಲೇ ಯಾಕೆ ಕಟ್ಟಿದರು ಅಂದರೆ, ಊಟಿ ಇರೋದು ಭೂಮಧ್ಯರೇಖೆಯಿಂದ ಸುಮಾರು 11 ಡಿಗ್ರಿ ಉತ್ತರಕ್ಕೆ. ಅಷ್ಟೇ, 11 ಡಿಗ್ರಿ ಓರೆ ಇರುವ, ಉತ್ತರ ದಕ್ಷಿಣವಾಗಿ ಮಲಗಿದ ಗುಡ್ಡವನ್ನು ಹುಡುಕಿದರು. ಆ ಇಳಿಜಾರಿನ ಮೇಲೆ ಕಟ್ಟಿದರೆ ದೂರದರ್ಶಕದ ಅಚ್ಚು ತಾನಾಗಿಯೇ ಭೂಮಿಯ ಅಚ್ಚಿಗೆ ಸಮವಾಗಿ ನಿಲ್ಲುತ್ತದೆ. ಆಮೇಲೆ ಒಂದೇ ಅಚ್ಚಿನ ಸುತ್ತ ನಿಧಾನವಾಗಿ ಹೊರಳಿಸಿದರೆ ಸಾಕು, ಆಕಾಶದ ಒಂದೇ ಜಾಗವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಬೆಟ್ಟದ ಓರೆಯನ್ನೇ ಯಂತ್ರದ ಭಾಗ ಮಾಡಿಕೊಂಡ ಬುದ್ಧಿ ಅದು. ಅದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹುಲ್ಲು ನೋಡೋಕೆ ಸುಲಭದ ಜಾಗ ಊಟಿಯಿಂದ ಗೂಡಲೂರಿನ ದಾರಿಯಲ್ಲಿದೆ. ಸಿನಿಮಾ ಶೂಟಿಂಗ್ ಜಾಗ ಅಂತಲೇ ಜನ ನಿಲ್ಲಿಸುವ ಗುಡ್ಡಗಳು. ಹಾಡುಗಳಲ್ಲಿ ನೀವು ನೋಡಿರೋದು ಅವನ್ನೇ. ಫೋಟೋ ತೆಗೆದ ಮೇಲೆ ಎರಡು ನಿಮಿಷ ಕೂತು ಒಂದು ಗೇಣು ನೆಲ ನೋಡಿ. ಐದಾರು ಜಾತಿಯ ಹುಲ್ಲು, ನಡುವೆ ಗುಂಡಿಯಷ್ಟು ಸಣ್ಣ ಹೂಗಳು ಸಿಗುತ್ತವೆ. ಶೋಲಾ ನೋಡೋಕೆ ಕೋಟಗಿರಿಯ ಲಾಂಗ್‌ವುಡ್ ಕಾಡು, ಸುಮಾರು 116 ಹೆಕ್ಟೇರು. ಸುತ್ತಲಿನ ಹಳ್ಳಿಗಳಿಗೆ ನೀರು ಕೊಡುವ ಕಾಡು ಅದು, ಊರವರೇ ಕಾವಲಿಗೆ ನಿಂತು ಉಳಿಸಿಕೊಂಡಿದ್ದಾರೆ. ಅಂಚು ನೋಡೋಕೆ ಕೋಡನಾಡು. ಬೇಲಿ ಹಿಡಿದು ನಿಂತರೆ ಕೆಳಗೆ ಮೋಯಾರ್ ಕಣಿವೆ, ಆಚೆ ಮೈಸೂರಿನ ಬಯಲು.

ಮಾತಿನ ಕೊನೆಗೆ ಒಬ್ಬರು ‘ಯಾವಾಗ ಹೋಗೋದು ಒಳ್ಳೇದು?’ ಅಂತ ಕೇಳಿದರು. ಮೇ ತಿಂಗಳು ಬೇಡ. ಎಲ್ಲರೂ ಆಗಲೇ ಹೋಗುತ್ತಾರೆ. ಮದರಾಸು ಹೈಕೋರ್ಟ್ ಆದೇಶದ ಮೇಲೆ 2024ರ ಮೇ ತಿಂಗಳಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು, ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ಅದಕ್ಕೆ ತಕ್ಕ ಹಾಗೆ ಹೊರಡಿ. ಪ್ಲಾಸ್ಟಿಕ್ ಬಾಟಲಿ ಒಯ್ಯಬೇಡಿ, ದಾರಿಯಲ್ಲೇ ತಡೆದು ತೆಗೆದುಕೊಳ್ಳುತ್ತಾರೆ. ಹುಲ್ಲು ಹಸಿರಾಗಿ ಬೇಕಾದರೆ ಮುಂಗಾರು ಮುಗಿಯುವ ಸೆಪ್ಟೆಂಬರ್. ಹಿಮ ಬೇಕಾದರೆ ಜನವರಿಯ ಮೊದಲ ಎರಡು ವಾರ, ಬೆಳಿಗ್ಗೆ ಐದೂವರೆಗೆ ಎದ್ದು ಹೊರಗೆ ಬರಬೇಕು. ಕುರಿಂಜಿ ಹೂ, ನಮ್ಮ ಮಲೆನಾಡಿನ ಗುರಿಗೆಯ ನೆಂಟ, ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿತ್ತು, 2018ರಲ್ಲಿ ಅರಳಿತ್ತು. ಇನ್ನು 2030ಕ್ಕೆ. ಅದು ಅರಳೋದು ಮರದ ಕೆಳಗಲ್ಲ, ತೆರೆದ ಹುಲ್ಲಿನ ಗುಡ್ಡದ ಮೇಲೆ.